ಮನೆಮುದ್ರಣಗಳ ಆಕರವಿಮರ್ಶೆ: ಕೂಡಲಸಂಗಮದ ಭಜನಗಾಯನವನ್ನು ಕುರಿತು

ಹಸ್ತಪ್ರತಿಯನ್ನು ಓದುವವರು ಮೊದಲು ಲಿಪಿಕಾರನ ಕೈಯನ್ನು ಪರೀಕ್ಷಿಸುತ್ತಾರೆ. ಶಾಸನವನ್ನು ಓದುವವರು ಕಲ್ಲು ಸವೆದ ಸ್ಥಳವನ್ನೂ ರೂವಾರಿ ತಪ್ಪಿದ ಸ್ಥಳವನ್ನೂ ಬೇರೆಬೇರೆಯಾಗಿ ಗುರುತಿಸುತ್ತಾರೆ. ಧ್ವನಿಮುದ್ರಣವನ್ನು ಆಕರವಾಗಿ ಬಳಸುವಾಗ ಮಾತ್ರ ಈ ಎಚ್ಚರ ನಮ್ಮಲ್ಲಿ ಅಷ್ಟಾಗಿ ಕಾಣುವುದಿಲ್ಲ. ಯಂತ್ರವು ಕೇಳಿದುದನ್ನೇ ದಾಖಲಿಸಿದೆಯೆಂದು ನಂಬಿಬಿಡುತ್ತೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು, ಕೂಡಲಸಂಗಮದ ಮನೆಗಳಲ್ಲಿ ಮುದ್ರಿತವಾದ ಭಜನಗಾಯನವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಮುದ್ರಣಗಳ ಬೆಲೆ ಅಲ್ಪವಾದುದಲ್ಲ. ಫ. ಗು. ಹಳಕಟ್ಟಿಯವರು 1923ರ ‘ವಚನಶಾಸ್ತ್ರಸಾರ’ದ ಮೂಲಕ ವಚನಗಳ ಪಾಠವನ್ನು ಅಚ್ಚಿಗೆ ತಂದರು, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಮೊದಲಾದವರು ವಚನಗಾಯನವನ್ನು ಸಂಗೀತಸಭೆಗೆ ತಂದರು. ಆದರೆ ಕೃಷ್ಣೆ ಮಲಪ್ರಭೆಗಳು ಕೂಡುವ ಈ ಕ್ಷೇತ್ರದ ಪಡಸಾಲೆಗಳಲ್ಲಿ ಹಾಡುವವರ ಧಾಟಿಗೆ ಮನೆಮುದ್ರಣವಲ್ಲದೆ ಅನ್ಯ ದಾಖಲೆ ಅನೇಕ ವೇಳೆ ಇರುವುದಿಲ್ಲ.

ದೋಷವಿರುವುದು ಗೇನ್ ಎಂಬ ಒಂದು ಗುಂಡಿಯಲ್ಲಿ. ಮೈಕ್ರೋಫೋನಿನಿಂದ ಬರುವ ವಿದ್ಯುತ್ತು ಕೆಲವೇ ಮಿಲಿವೋಲ್ಟುಗಳಷ್ಟು ಕ್ಷೀಣ. ಅದನ್ನು ಪ್ರೀಆಂಪ್ಲಿಫಯರ್ ಎಷ್ಟುಪಟ್ಟು ಹಿಗ್ಗಿಸಬೇಕೆಂಬುದನ್ನು ಗೇನ್ ನಿರ್ಧರಿಸುತ್ತದೆ. ಅದು ತೀರ ಕಡಿಮೆಯಾದರೆ, ಮುಂದೆ ಧ್ವನಿಯನ್ನು ಏರಿಸುವಾಗ ಯಂತ್ರದ ಸ್ವಂತ ಮೊರೆತವೂ ಏರುತ್ತದೆ. ಹೆಚ್ಚಾದರೆ ಧ್ವನಿತರಂಗದ ಶಿಖರವೇ ಕತ್ತರಿಸಿಹೋಗುತ್ತದೆ. ಹಿಂದಿನ ಟೇಪು ಅತಿಭಾರಕ್ಕೆ ಮೆಲ್ಲಗೆ ಮಣಿಯುತ್ತಿತ್ತು. ಇಂದಿನ ಡಿಜಿಟಲ್ ಮುದ್ರಣದಲ್ಲಿ ಸೊನ್ನೆ ಡೆಸಿಬೆಲ್ಲಿನ ಮೇಲೆ ಎಡೆಯೇ ಇಲ್ಲ. 24 ಬಿಟ್ಟಿನ ಮುದ್ರಣದ ವ್ಯಾಪ್ತಿ ಸಿದ್ಧಾಂತದಲ್ಲಿ ಸುಮಾರು 144 ಡೆಸಿಬೆಲ್. 12 ಡೆಸಿಬೆಲ್ ಬಿಟ್ಟುಕೊಟ್ಟರೆ ನಷ್ಟವಾಗುವುದು 2 ಬಿಟ್ಟು ಮಾತ್ರ. ಹೀಗಿದ್ದೂ ಟೇಪಿನ ಕಾಲದಂತೆ ಮಟ್ಟವನ್ನು ಅಂಚಿನವರೆಗೆ ಏರಿಸುವ ರೂಢಿ ಉಳಿದುಬಂದಿದೆ.

ಈ ದೋಷಕ್ಕೆ ನಾವೂ ಹೊರತಲ್ಲ. ಅಲ್ಲಿಯ ಮನೆಯೊಂದರಲ್ಲಿ ನಾವು ಮಾಡಿದ ಮುದ್ರಣದಲ್ಲಿ, ವೃದ್ಧ ಗಾಯಕರು ಮೆಲುದನಿಯಲ್ಲಿ ಆರಂಭಿಸಿದ ಸೊಲ್ಲಿಗೆ ಗೇನನ್ನು ಹೊಂದಿಸಿದೆವು. ಹಿಮ್ಮೇಳವೂ ತಾಳವೂ ಕೂಡಿದೊಡನೆ ಧ್ವನಿ ಒಡೆಯಿತು. ಸೊಲ್ಲಿನ ಕೊನೆಯಲ್ಲಿ ಅವರು ಹಾಡಿದ ಪದ ಯಾವುದೆಂದು ಈಗ ತಿಳಿಯುವಂತಿಲ್ಲ. ಆ ಗಾಯಕರು ಇಂದಿಲ್ಲ. ಓಲೆ ಮುರಿದರೆ ಮತ್ತೊಂದು ಪ್ರತಿ ದೊರಕೀತು, ಇದಕ್ಕೆ ಪ್ರತ್ಯಂತರವಿಲ್ಲ.

ಮೊಬೈಲು ಫೋನಿನ ಸ್ವಯಂಚಾಲಿತ ಗೇನ್ ಈ ಅಪಾಯವನ್ನು ನೀಗಿಸುವುದೆಂಬ ವಾದವುಂಟು. ನಮ್ಮ ಅಭಿಪ್ರಾಯದಲ್ಲಿ ಅದು ಇನ್ನೂ ಹೆಚ್ಚು ಶಂಕಾಸ್ಪದವಾದುದು. ಅದು ಮೆಲುದನಿಯನ್ನು ಏರಿಸಿ, ಗಟ್ಟಿದನಿಯನ್ನು ತಗ್ಗಿಸುತ್ತದೆ. ಮುಂದಾಳು ಯಾರು, ಅನುಸರಿಸಿದವರು ಯಾರು, ಎಲ್ಲಿ ದನಿ ಏರಿತು, ಎಲ್ಲಿ ಇಳಿಯಿತು ಎಂಬ ಭೇದಗಳು ಅದರಲ್ಲಿ ಮಸುಕಾಗುತ್ತವೆ. ಒಡೆದ ಧ್ವನಿ ತನ್ನ ಗಾಯವನ್ನಾದರೂ ತೋರಿಸುತ್ತದೆ. ಸಮಗೊಳಿಸಿದ ಧ್ವನಿ, ಪಾಠವನ್ನು ಸದ್ದಿಲ್ಲದೆ ತಿದ್ದಿದ ಲಿಪಿಕಾರನಂತೆ, ಗಾಯವನ್ನೇ ಮರೆಮಾಚುತ್ತದೆ.

1902ರಲ್ಲಿ ಗೌಹರ್ ಜಾನ್ ಕಲಕತ್ತೆಯಲ್ಲಿ ಗ್ರಾಮೊಫೋನಿಗೆ ಹಾಡಿದಾಗ ವಿದ್ಯುತ್ ವರ್ಧನವಿರಲಿಲ್ಲ. ಕಹಳೆಗೂ ಕಂಠಕ್ಕೂ ನಡುವಣ ಅಂತರವೇ ಮಟ್ಟವನ್ನು ನಿರ್ಣಯಿಸುತ್ತಿತ್ತು. 1925ರಿಂದ ವಿದ್ಯುತ್ ಮುದ್ರಣ ಬಳಕೆಗೆ ಬಂದಂತೆ ಈ ಹೊಣೆ ಮುದ್ರಿಸುವವನ ಕೈಸೇರಿತು. ಆದರೂ ಅಂತರದ ನಿಯಮ ಅಳಿದಿಲ್ಲ: ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದುದರಿಂದ ಗುಂಡಿಯನ್ನು ಮುಟ್ಟುವ ಮುನ್ನ ಮೈಕ್ರೋಫೋನನ್ನು ಗಾಯಕರ ಸಮೀಪಕ್ಕೂ ತಾಳದವರನ್ನು ತುಸು ದೂರಕ್ಕೂ ಇರಿಸುವುದು ಯುಕ್ತ. ಬಳಿಕ ಎಲ್ಲರೂ ಕೂಡಿ ಗಟ್ಟಿಯಾಗಿ ಹಾಡುವ ಸೊಲ್ಲನ್ನು ಮೊದಲೇ ಹಾಡಿಸಿ, ಶಿಖರವು ಸೊನ್ನೆಗಿಂತ 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಗೇನನ್ನು ಹೊಂದಿಸಿ, ಮುಗಿಯುವವರೆಗೆ ಅದನ್ನು ಕದಲಿಸಬಾರದು. ಮೈಕ್ರೋಫೋನು, ಅಂತರ, ಗೇನ್ ಇವುಗಳನ್ನು ಬರೆದಿಡಬೇಕು.

ತಪ್ಪಿದ್ದರೆ ತಿದ್ದಿ ಓದಿಕೊಳ್ಳಿರೆಂದು ಓಲೆಯ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬಿನ್ನವಿಸಿಕೊಳ್ಳುವುದುಂಟು. ಮುದ್ರಿಸುವವನಿಗೆ ಆ ಬಿನ್ನಹದ ಅವಕಾಶವಿಲ್ಲ. ಕತ್ತರಿಸಿಹೋದ ಧ್ವನಿಯನ್ನು ಮುಂದೆ ಯಾರೂ ತಿದ್ದಿ ಕೇಳಲಾರರು.