ಮೊದಲು ನೀರು, ಆಮೇಲೆ ಬೆಲ್ಲ

ಜಾಮೂನು ಮಾಡಿ ಪಳಗಿದ ಕೈ, ಒಣಹಣ್ಣಿನ ಕಾಂಪೋಟ್ ಮಾಡಲು ಹೊರಟಾಗಲೂ ಒಲೆಯ ಮೇಲೆ ಮೊದಲು ಸಕ್ಕರೆ ಪಾಕವನ್ನೇ ಇಡುತ್ತದೆ. ಪಾಕ ಕುದಿಯುವಾಗ ಅಂಜೂರ, ದ್ರಾಕ್ಷಿ, ಆಪ್ರಿಕಾಟ್, ಮೇಲೊಂದು ಚಮಚ ಚಕ್ಕೆ ಪುಡಿ. ಅರ್ಧ ಗಂಟೆ ಬೆಂದರೂ ಅಂಜೂರದ ಸಿಪ್ಪೆ ಜಗಿಯಲು ಗಟ್ಟಿ, ರಸ ಅಂಟಂಟು, ಹಣ್ಣುಗಳಿಗೆಲ್ಲ ಒಂದೇ ರುಚಿ. ತಪ್ಪು ಹಣ್ಣಿನದಲ್ಲ, ಕ್ರಮದ್ದು. ಒಣಹಣ್ಣಿಗೆ ಮೊದಲು ಬೇಕಾದದ್ದು ಬರೀ ನೀರು ಮತ್ತು ಒಂದು ರಾತ್ರಿಯ ಸಮಯ. ಸಿಹಿ ಕೊನೆಗೆ, ಅದೂ ಬೇಕೆನಿಸಿದರೆ ಮಾತ್ರ.

ಕಾರಣ ಸರಳ. ಒಣದ್ರಾಕ್ಷಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇದೆ, ನೀರು ಶೇ. 15ರ ಆಸುಪಾಸು. ಹೊರಗೆ ಬರೀ ನೀರಿದ್ದರೆ ಹಣ್ಣು ಅದನ್ನು ಒಳಗೆಳೆದುಕೊಂಡು ಉಬ್ಬುತ್ತದೆ. ಹೊರಗೂ ಸಕ್ಕರೆಯೇ ತುಂಬಿದ್ದರೆ ಆ ಎಳೆತ ಕುಗ್ಗುತ್ತದೆ. ನಮ್ಮ ಅಡುಗೆಮನೆಗೆ ಇದು ಹೊಸ ವಿಷಯವೇನಲ್ಲ. ಹೋಳಿಗೆಯ ಹೂರಣಕ್ಕೆ ಕಡಲೆಬೇಳೆ ಬೆಂದ ಮೇಲೆಯೇ ಬೆಲ್ಲ ಬೀಳುತ್ತದೆ, ಬೆಲ್ಲ ಮೊದಲು ಬಿದ್ದರೆ ಬೇಳೆ ಬೇಯುವುದಿಲ್ಲ. ಸಾರಿಗೂ ಅಷ್ಟೇ, ಬೇಳೆ ಬೆಂದ ನಂತರ ಹುಣಸೆರಸ. ಹುಳಿಯೂ ಮೆತ್ತಗಾಗುವುದನ್ನು ತಡೆಯುತ್ತದೆ; ಹಾಗಾಗಿ ಕಾಂಪೋಟಿನ ನಿಂಬೆರಸಕ್ಕೂ ಕೊನೆಯ ಸರದಿಯೇ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್, ಕಲಬುರಗಿಗಳ ದಾವತ್‌ಗಳಲ್ಲಿ ಬಡಿಸುವ ಖುಬಾನಿ ಕಾ ಮೀಠಾ ಈ ಜಾತಿಯದೇ ತಿನಿಸು. ಅಲ್ಲೂ ಆಪ್ರಿಕಾಟ್ ರಾತ್ರಿಯಿಡೀ ನೆನೆಯುತ್ತದೆ, ನೆನೆದ ನೀರಿನಲ್ಲೇ ಬೇಯುತ್ತದೆ, ಸಕ್ಕರೆ ಆಮೇಲೆ ಬರುತ್ತದೆ. ರಂಜಾನ್ ತಿಂಗಳಲ್ಲಿ ಈಜಿಪ್ಟಿನವರು ಒಣಹಣ್ಣಿನಿಂದ ಮಾಡುವ ಖುಷಾಫ್‌ನಲ್ಲಿಯೂ ನೆನೆಸುವುದೇ ಮುಖ್ಯ ಕೆಲಸ.

ದ್ರಾಕ್ಷಿಗೆ ನಾವು ದೂರ ಹೋಗಬೇಕಿಲ್ಲ. ವಿಜಯಪುರ ಜಿಲ್ಲೆಯ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ನೆರಳಿನ ಶೆಡ್‌ಗಳ ಬಲೆಗಳ ಮೇಲೆ ಒಣಗಿ ಬರುತ್ತದೆ. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ಬೆಲೆ ಹೆಚ್ಚಿರುವ ಹೊಂಬಣ್ಣದ ದ್ರಾಕ್ಷಿ ನೋಟಕ್ಕೆ ಚೆಂದ, ಅಷ್ಟೇ. ಆ ಬಣ್ಣ ಉಳಿಯಲು ಗಂಧಕದ ಹೊಗೆ ಕೊಟ್ಟಿರುತ್ತಾರೆ. ಆಪ್ರಿಕಾಟ್‌ಗೂ ಅದೇ ಮಾತು: ಕಿತ್ತಳೆ ಬಣ್ಣದ್ದಕ್ಕಿಂತ ಕಂದು ಬಣ್ಣದ್ದು ರುಚಿಯಲ್ಲಿ ಆಳ. ಬೆಂಗಳೂರಿನ ವಿಜಯನಗರದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ತರಗುಪೇಟೆ ಹತ್ತಿರವೇ. ಅಲ್ಲಿ ಒಣಹಣ್ಣನ್ನು ಕೈಯಲ್ಲಿ ಮುಟ್ಟಿ ನೋಡಿ ಆರಿಸಬಹುದು. ದ್ರಾಕ್ಷಿ, ಅಂಜೂರ, ಆಪ್ರಿಕಾಟ್ ತಲಾ 100 ಗ್ರಾಂ ತೊಳೆದು, 700 ಮಿ.ಲೀ. ನೀರಿನಲ್ಲಿ ಎಂಟು ಗಂಟೆ ನೆನೆಯಲಿ. ಎರಡಿಂಚು ಚಕ್ಕೆ, ಮೂರು ಲವಂಗ, ಜಜ್ಜಿದ ಏಲಕ್ಕಿ ಎರಡು, ಮಲೆನಾಡಿನ ಮೆಣಸಿನಕಾಳು ನಾಲ್ಕು. ಎಲ್ಲವೂ ಇಡಿಯಾಗಿ, ನೆನೆಯುವ ನೀರಿಗೇ ಬೀಳಬೇಕು. ಚಕ್ಕೆ ಪುಡಿ ನೀರು ಕುಡಿದು ಲೋಳೆಯಾಗುತ್ತದೆ, ರಸವನ್ನು ರಾಡಿ ಮಾಡುತ್ತದೆ. ಲವಂಗ ಮೂರು ದಾಟಿದರೆ ನಾಲಿಗೆ ಮರಗಟ್ಟಿ ಆಪ್ರಿಕಾಟಿನ ನವಿರು ಹುಳಿ ತಿಳಿಯದೇ ಹೋಗುತ್ತದೆ. ಬೆಳಗ್ಗೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಕುದಿ ಏಳದಂತೆ.

ಸಕ್ಕರೆ ಇಲ್ಲದೆ ರಸ ಗಟ್ಟಿಯಾಗುವುದಿಲ್ಲ ಎನ್ನುವ ಆಕ್ಷೇಪ ಅರ್ಧ ನಿಜ. ಬೆಂದ ಹಣ್ಣನ್ನು ಜಾಲರಿ ಸೌಟಿನಿಂದ ಮೇಲೆತ್ತಿಟ್ಟು, ಉಳಿದ ರಸವನ್ನಷ್ಟೇ ಹತ್ತು ನಿಮಿಷ ಬತ್ತಿಸಿದರೆ, ಹಣ್ಣಿನಿಂದಲೇ ಇಳಿದ ಸಕ್ಕರೆ ಮತ್ತು ಪೆಕ್ಟಿನ್ ಸೇರಿ ಅದು ಚಮಚಕ್ಕೆ ಹಿಡಿಯುವಷ್ಟು ಮಂದವಾಗುತ್ತದೆ. ರುಚಿ ನೋಡುವ ಹೊತ್ತು ಅದು. ಸಾಲದೆನಿಸಿದರೆ ಒಂದು ಚಮಚ ಬೆಲ್ಲ, ಕೊನೆಯಲ್ಲಿ ಅರ್ಧ ನಿಂಬೆ. ಹಬ್ಬದ ಸಿಹಿಗೆ ಇದು ಸಪ್ಪೆ ಎನ್ನುವವರಿಗೆ ಖರ್ಜೂರದ ಗೊಜ್ಜನ್ನು ನೆನಪಿಸುತ್ತೇನೆ. ಅದರ ಸೊಗಸು ಸಿಹಿಯ ಪ್ರಮಾಣದಲ್ಲಿಲ್ಲ, ಹುಳಿ ಖಾರಗಳ ನಡುವೆ ಸಿಹಿ ಸರಿದು ಬರುವುದರಲ್ಲಿದೆ. ಕಾಂಪೋಟನ್ನೂ ಬಟ್ಟಲು ತುಂಬ ತಿನ್ನುವುದಲ್ಲ. ಗಟ್ಟಿ ಮೊಸರಿನ ಮೇಲೆ, ಇಲ್ಲವೇ ಒತ್ತು ಶ್ಯಾವಿಗೆಯ ಜೊತೆ ಎರಡು ಮೂರು ಚಮಚ. ಸಕ್ಕರೆ ಹಾಕಿಲ್ಲವೆಂದು ಮಧುಮೇಹಿಗಳು ಧಾರಾಳವಾಗಿ ತಿನ್ನಬಹುದು ಎಂದು ಯಾರೂ ತಿಳಿಯಬಾರದು, ಹಣ್ಣಿನೊಳಗಿನ ಸಕ್ಕರೆ ಎಲ್ಲೂ ಹೋಗಿರುವುದಿಲ್ಲ. ಬಾಳಿಕೆಯ ಆಕ್ಷೇಪವನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ: ಪಾಕದಲ್ಲಿ ಮುಳುಗಿದ ಹಣ್ಣಿನಷ್ಟು ದಿನ ಇದು ತಡೆಯದು, ಫ್ರಿಜ್‌ನಲ್ಲಿ ಗಾಜಿನ ಡಬ್ಬಿಯೊಳಗೆ ಐದಾರು ದಿನ. ಮುನ್ನೂರು ಗ್ರಾಂ ಹಣ್ಣಿನ ಅಳತೆ ಹೇಳಿದ್ದು ಅದಕ್ಕೇ. ನಾಲ್ಕು ಜನರ ಮನೆಯಲ್ಲಿ ಅಷ್ಟು ದಿನವೂ ಉಳಿಯುವುದಿಲ್ಲ.