ಪರದೆಗೆ ಐದು ಸ್ಟಾರ್, ರಿಪೇರಿಗೆ ಎಷ್ಟು?

ಕಾರಿನ ರಿವ್ಯೂ ಓದೋದು, ನೋಡೋದು ನನಗೊಂದು ಚಟ. ಕೊಳ್ಳುವ ಯೋಚನೆ ಇಲ್ಲದಿದ್ದರೂ ನೋಡ್ತೀನಿ. ಈಚಿನ ಯಾವ ರಿವ್ಯೂ ತೆಗೆದುಕೊಂಡರೂ ಡ್ಯಾಶ್‌ಬೋರ್ಡಿನ ಪರದೆಗೆ ಒಂದಷ್ಟು ಹೊತ್ತು ಮೀಸಲು. ಎಷ್ಟು ಇಂಚು, ಬೆರಳಿಟ್ಟರೆ ಎಷ್ಟು ಬೇಗ ಓಗೊಡುತ್ತೆ, ಮ್ಯಾಪು ಮೀಟರಿನೊಳಗೇ ಬರುತ್ತಾ, ಎಲ್ಲ ಹೇಳ್ತಾರೆ. ಆದರೆ ಅದೇ ಪರದೆ ಎಂಟನೇ ವರ್ಷಕ್ಕೆ ಕೈಕೊಟ್ಟರೆ ಏನು ಗತಿ ಅಂತ ಕೇಳಿದ ಒಬ್ಬ ವಿಮರ್ಶಕರನ್ನೂ ನಾನು ಕಂಡಿಲ್ಲ. ಮನೆ ನೋಡೋಕೆ ಹೋದವರು ಗೋಡೆಯ ಬಣ್ಣ ಹೊಗಳಿ, ಮಳೆಗಾಲದಲ್ಲಿ ಸೋರುತ್ತಾ ಅಂತ ಕೇಳದೇ ವಾಪಸು ಬಂದ ಹಾಗೆ.

ನನ್ನ ತಕರಾರು ಇಷ್ಟೇ: ರಿಪೇರಿ ಆಗುತ್ತೋ ಇಲ್ಲವೋ ಅನ್ನೋದು ವಿನ್ಯಾಸದ ಭಾಗ. ಆಮೇಲೆ ನೋಡ್ಕೊಳ್ಳೋಣ ಅನ್ನುವ ವಿಷಯ ಅಲ್ಲ.

ಹಳೇ ಮೀಟರನ್ನೇ ನೋಡಿ. ಓಟೋ ಶುಲ್ಟ್ಸೆ ಎಂಬ ಜರ್ಮನ್ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತೆ, ಅದರ ಸೆಳೆತಕ್ಕೆ ಅಲ್ಯುಮಿನಿಯಂ ಬಟ್ಟಲು ವಾಲುತ್ತೆ, ಬಟ್ಟಲಿಗೆ ಅಂಟಿದ ಮುಳ್ಳು ವೇಗ ತೋರಿಸುತ್ತೆ. ಅಂಬಾಸಿಡರ್, ಪದ್ಮಿನಿಗಳಲ್ಲಿ ಇದ್ದದ್ದು ಇದೇ. ಮುಳ್ಳು ನಡುಗ್ತಿತ್ತು, ಅಂದಾಜು ಲೆಕ್ಕ ಹೇಳ್ತಿತ್ತು, ಹೌದು. ಆದರೆ ಕೆಟ್ಟರೆ ಕೇಬಲ್ ತುಂಡಾಗಿರುತ್ತೆ ಅಂತ ಬೀದಿಯ ಮೆಕ್ಯಾನಿಕ್ಕಿಗೂ ಗೊತ್ತಿತ್ತು. ಹಳೇ ಮೀಟರ್ ಪವಿತ್ರ ಅಂತ ನಾನು ವಾದಿಸ್ತಿಲ್ಲ. ಅದರ ರೋಗ ಹೊರಗಿನವರಿಗೂ ಅರ್ಥ ಆಗ್ತಿತ್ತು, ಅಷ್ಟೆ.

ಈಗಿನ ಮೀಟರ್ ಒಂದು ಪುಟ್ಟ ಕಂಪ್ಯೂಟರ್. ಮುಳ್ಳಿದ್ದರೂ ಅದನ್ನು ಆಡಿಸೋದು ಒಳಗಿನ ಸ್ಟೆಪ್ಪರ್ ಮೋಟರ್. ವೇಗ, ಆರ್‌ಪಿಎಂ, ಬಿಸಿ ಎಲ್ಲ ಬರೋದು ಕ್ಯಾನ್ ಬಸ್ ಎಂಬ ಎರಡು ತಂತಿಗಳ ಮೇಲೆ. ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ತೋರಿಸಿದ ವ್ಯವಸ್ಥೆ ಇದು. ಇಷ್ಟೆಲ್ಲ ಇದ್ದರೂ ಇದರ ರೋಗ ಪತ್ತೆ ಮಾಡೋದು ಬ್ರಹ್ಮವಿದ್ಯೆ ಏನಲ್ಲ, ಕ್ರಮ ಬೇಕು. ಇಡೀ ಮೀಟರ್ ಸತ್ತಿದ್ದರೆ ಮೊದಲು ಫ್ಯೂಸು, ಆಮೇಲೆ ಅದಕ್ಕೆ ಬರುವ ಕರೆಂಟು ಮತ್ತು ಅರ್ಥಿಂಗ್. ಎಲ್ಲ ಮುಳ್ಳೂ ಒಟ್ಟಿಗೆ ಕುಣಿದರೂ ಅನುಮಾನ ಅಲ್ಲೇ. ಬ್ಯಾಟರಿ ಚೆನ್ನಾಗಿದ್ದರೆ ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟು, ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಒಂದೇ ಮುಳ್ಳು ಮುಷ್ಕರ ಹೂಡಿದ್ದರೆ ಅದರ ಮೋಟರೋ, ಅದಕ್ಕೆ ಸುದ್ದಿ ಕೊಡುವ ಸೆನ್ಸರೋ ಕೆಟ್ಟಿರಬೇಕು. ಯಾವುದು ಅಂತ ತಿಳಿಯೋಕೆ ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಅಗ್ಗದ ಸ್ಕ್ಯಾನರ್ ಸಿಕ್ಕಿಸಿ. ಮೊಬೈಲಲ್ಲಿ ವೇಗ ಸರಿಯಾಗಿ ಬಂದು ಮೀಟರಲ್ಲಿ ಬರದಿದ್ದರೆ ತಪ್ಪು ಮೀಟರಿನದು. ಎರಡರಲ್ಲೂ ತಪ್ಪು ಬಂದರೆ ಮೀಟರ್ ನಿರಪರಾಧಿ, ಸೆನ್ಸರು, ವೈರಿಂಗು ನೋಡಬೇಕು. ಯು0155 ಅಂತ ಕೋಡ್ ಬಂದರೆ ಮೀಟರಿನ ಜೊತೆ ಮಾತುಕತೆ ಕಡಿದಿದೆ ಎಂದರ್ಥ. ಬ್ಯಾಟರಿ ಕಳಚಿ, ಪೋರ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ ಬಹಳಷ್ಟು ಕಾರುಗಳಲ್ಲಿ 60 ಓಮ್ ಆಸುಪಾಸು ಬರಬೇಕು. 120 ಬಂದರೆ ಬಸ್ಸಿನ ಒಂದು ತುದಿಯ ಸಂಪರ್ಕ ತಪ್ಪಿದೆ.

ಈ ಕ್ರಮಕ್ಕೆ ಜಗ್ಗದ ಒಂದು ರೋಗ ಇದೆ. ನನ್ನ ಕಾರಿಗೆ ಬಂದದ್ದು ಅದೇ. ಮೀಟರಿನ ನಡುವಿನ ಪುಟ್ಟ ಪರದೆಯಲ್ಲಿ ಅಡ್ಡಗೆರೆಗಳು ಮಾಯ ಆಗತೊಡಗಿದವು. ಬೆಳಗ್ಗೆ ಎಲ್ಲ ಸರಿ, ಬಿಸಿಲು ಏರಿದರೆ 8 ಯಾವುದು 3 ಯಾವುದು ಗೊತ್ತಾಗ್ತಿರಲಿಲ್ಲ. ಸರ್ವೀಸ್ ಸೆಂಟರಿನವರು ಸ್ಕ್ಯಾನರ್ ಹಾಕಿದರು, ಒಂದು ಕೋಡೂ ಬರಲಿಲ್ಲ. ಬರೋದೂ ಇಲ್ಲ! ಮೀಟರಿನ ಕಂಪ್ಯೂಟರಿಗೆ ತಾನು ಕಳಿಸಿದ ಅಂಕಿ ಪರದೆ ಮೇಲೆ ಮೂಡಿತೋ ಇಲ್ಲವೋ ಗೊತ್ತಾಗುವ ದಾರಿಯೇ ಇಲ್ಲ. ಅದರ ಪ್ರಕಾರ ತನ್ನ ಕೆಲಸ ಮುಗಿದಿದೆ. "ಅಸೆಂಬ್ಲಿನೇ ಚೇಂಜ್ ಮಾಡ್ಬೇಕು ಸಾರ್, 38 ಸಾವಿರ ಆಗುತ್ತೆ, ಪ್ಲಸ್ ಲೇಬರ್" ಅಂದರು. ಏನು ಹೋಗಿದೆ ಅಂತ ಕೇಳಿದ್ದಕ್ಕೆ "ಮೀಟರ್ ಹೋಗಿದೆ" ಅನ್ನೋ ಉತ್ತರ. ಡಾಕ್ಟರ ಹತ್ತಿರ ಹೋಗಿ ಏನು ಕಾಯಿಲೆ ಅಂದರೆ "ನಿಮಗೆ ಹುಷಾರಿಲ್ಲ" ಅಂದ ಹಾಗೆ.

ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಮೀಟರ್ ಬಿಚ್ಚಿದ ರಿಪೇರಿಯವರು ಸ್ಕ್ಯಾನರ್ ಮುಟ್ಟಲೇ ಇಲ್ಲ. ಹೇರ್ ಡ್ರೈಯರಿನಿಂದ ಪರದೆಯ ಅಂಚು ಬಿಸಿ ಮಾಡಿದರು, ಗೆರೆ ಹೋಯ್ತು. ಪೆನ್ಸಿಲಿನ ರಬ್ಬರಿಂದ ಅಲ್ಲೇ ಒತ್ತಿದರು, ಗೆರೆ ಬಂತು. "ಐಸಿ ಹೋಗಿದ್ರೆ ಒತ್ತಿದ್ರೂ ಬರ್ತಿರ್ಲಿಲ್ಲ ಸಾರ್. ಇದು ಪಟ್ಟಿ ಬಿಟ್ಕೊಂಡಿರೋದು." ಪಟ್ಟಿ ಅಂದರೆ ಪರದೆಯನ್ನು ಬೋರ್ಡಿಗೆ ಜೋಡಿಸುವ ತೆಳು ರಿಬ್ಬನ್ ಕೇಬಲ್. ಅದನ್ನು ಬೆಸುಗೆ ಹಾಕಿರೋದಿಲ್ಲ, ಕರೆಂಟು ಹರಿಯುವ ಅಂಟಿನಿಂದ ಬಿಸಿಯೊತ್ತಿ ಅಂಟಿಸಿರ್ತಾರೆ. ವರ್ಷಗಟ್ಟಲೆ ಬಿಸಿಲು, ತಂಪು, ಬಿಸಿಲು, ತಂಪು; ಅಂಟು ಸಡಿಲ ಆಗುತ್ತೆ. ಹೊಸ ಪಟ್ಟಿ ಅಂಟಿಸಿ 2,500 ತಗೊಂಡರು. ಕಿಲೋಮೀಟರ್ ಲೆಕ್ಕವೂ ಹಾಗೇ ಉಳೀತು.

ಇದು ಒಂದು ಕಂಪನಿಯ, ಒಂದು ಕಾರಿನ ಕತೆ ಅಲ್ಲ. ಬಿಎಂಡಬ್ಲ್ಯು ಇ38, ಇ39 ಕಾರುಗಳು, ಸಾಬ್ 9-5 ಇದೇ ಗೆರೆ ಮಾಯದ ರೋಗಕ್ಕೆ ಜಗತ್ತಿನಾದ್ಯಂತ ಹೆಸರುವಾಸಿ. ಆ ಕಾರುಗಳ ಎಂಜಿನ್ನು, ಸೀಟು, ಓಟ ಎಲ್ಲವನ್ನೂ ವಿಮರ್ಶಕರು ಬಾಯ್ತುಂಬ ಹೊಗಳಿದ್ದರು. ಅಂಟಿನ ಬಗ್ಗೆ ಯಾರು ಬರೀತಾರೆ?

ಸರ್ವೀಸ್ ಸೆಂಟರಿನವರ ಪರವಾಗಿಯೂ ಒಂದು ಮಾತಿದೆ. ಮೀಟರಿನೊಳಗೆ ಓಡಿದ ಕಿಲೋಮೀಟರ್ ಇರುತ್ತೆ, ಎಷ್ಟೋ ಕಾರಲ್ಲಿ ಕಳ್ಳತನ ತಡೆಯುವ ಇಮ್ಮೊಬಿಲೈಸರಿನ ಗುಟ್ಟೂ ಇರುತ್ತೆ. ಯಾರು ಬೇಕಾದರೂ ಬಿಚ್ಚಬಹುದು ಅಂದರೆ ಒಂದು ಲಕ್ಷ ಓಡಿದ ಕಾರು ರಾತ್ರೋರಾತ್ರಿ ನಲವತ್ತು ಸಾವಿರದ್ದಾಗುತ್ತೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇದು ನಡೆಯೋದು ಸುಳ್ಳಲ್ಲ. ಸರಿ, ಲೆಕ್ಕಕ್ಕೆ ಬೀಗ ಹಾಕಿ, ಬೇಡ ಅಂದವರಾರು? ಆದರೆ ಪರದೆಯ ಪಟ್ಟಿಗೂ ಆ ಲೆಕ್ಕಕ್ಕೂ ಸಂಬಂಧ ಇಲ್ಲ. ತಿಜೋರಿಗೆ ಬೀಗ ಬೇಕು ಅಂತ ಮನೆಯ ಟ್ಯೂಬ್‌ಲೈಟಿಗೂ ಬೀಗ ಹಾಕಿದರೆ ಹೇಗೆ?

ಬೀದಿ ರಿಪೇರಿ ಎಲ್ಲ ಚೆನ್ನ ಅಂತಲೂ ಅಲ್ಲ. ಬೋರ್ಡನ್ನು ಓವನ್ನಿನಲ್ಲಿಟ್ಟು ಬೇಯಿಸಿ ಅನ್ನುವ ವಿಡಿಯೋಗಳಿವೆ. ಕಂಡ ಕಂಡ ಕಡೆ ಬೆಸುಗೆ ಹಾಕುವವರಿದ್ದಾರೆ. ಯಾವುದೋ ಒಂದು ತಾಗಿ ಸರಿ ಆಗುತ್ತೆ, ಏನು ಸರಿ ಆಯ್ತು ಅಂತ ಅವರಿಗೂ ಗೊತ್ತಿರಲ್ಲ. ಕೋಡ್ ಬರಲಿಲ್ಲ, ಎಲ್ಲ ಬದಲಿಸಿ ಅನ್ನೋದಕ್ಕೂ ಇದಕ್ಕೂ ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಎರಡರಲ್ಲೂ ರೋಗಪತ್ತೆ ಇಲ್ಲ. ಒತ್ತಿ ನೋಡಿ, ಬಿಸಿ ಮಾಡಿ ನೋಡಿ, ಹಾಗಾದರೆ ಇದಲ್ಲ, ಇದು ಅಂತ ತೀರ್ಮಾನಕ್ಕೆ ಬಂದವರಿಗೆ ನಾನು ದುಡ್ಡು ಕೊಟ್ಟದ್ದು ಆ ಯೋಚನೆಗೆ. ಪಟ್ಟಿಯ ಬೆಲೆ ಅದರಲ್ಲಿ ಎಷ್ಟು ಮಹಾ.

ಹೋಗಲಿ, ಪರದೆ ಮಂಕಾದರೆ ಪ್ರಾಣ ಹೋಗುತ್ತಾ ಅನ್ನಬೇಡಿ. ಟೆಸ್ಲಾದ 2012ರಿಂದ 2018ರ ಮಾಡೆಲ್ ಎಸ್, 2016ರಿಂದ 2018ರ ಮಾಡೆಲ್ ಎಕ್ಸ್ ಕಾರುಗಳಲ್ಲಿ ನಡುವಿನ ದೊಡ್ಡ ಪರದೆಯ ಹಿಂದೆ 8 ಜಿಬಿಯ ಒಂದು ಮೆಮೊರಿ ಚಿಪ್ ಇತ್ತು. ಬರೆದೂ ಬರೆದೂ ಅದು ಸವೆದುಹೋಗ್ತಿತ್ತು. ಸವೆದರೆ ಪರದೆ ಕಪ್ಪು. ಪರದೆ ಕಪ್ಪಾದರೆ ಹಿಂಬದಿ ಕ್ಯಾಮೆರಾ ಇಲ್ಲ, ಗಾಜಿನ ಮಂಜು ಕರಗಿಸುವ ಗುಂಡಿಯೂ ಇಲ್ಲ, ಯಾಕಂದರೆ ಗುಂಡಿಗಳೆಲ್ಲ ಪರದೆಯೊಳಗೇ! ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2021ರ ಜನವರಿಯಲ್ಲಿ ಪತ್ರ ಬರೆದ ಮೇಲೆ ಸುಮಾರು 1 ಲಕ್ಷ 35 ಸಾವಿರ ಕಾರುಗಳನ್ನು ವಾಪಸು ಕರೆಯಬೇಕಾಯ್ತು. ಆ ಪರದೆಗೂ ಹಿಂದೆ ಹೊಗಳಿಕೆಯ ಮಳೆ ಸುರಿದಿತ್ತು. ಅಷ್ಟು ದೊಡ್ಡ ಪರದೆ, ಬೆರಳುಗುರಿನಷ್ಟು ಚಿಪ್ಪು. ಸಾಮಾನ್ಯ ಗುಂಡಿ ಹೋದರೆ ಒಂದು ಕೆಲಸ ನಿಲ್ಲುತ್ತೆ, ಪರದೆ ಹೋದರೆ ಹತ್ತು ಕೆಲಸ ನಿಲ್ಲುತ್ತೆ. ಯುರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರು, ವೈಪರು, ಹಾರ್ನಿನಂಥವಕ್ಕೆ ನಿಜವಾದ ಗುಂಡಿ ಇಲ್ಲದಿದ್ದರೆ ಅಂಕ ಕಡಿತ ಅಂದದ್ದು ಕಣ್ಣು ರಸ್ತೆಯ ಮೇಲಿರಲಿ ಅಂತ. ನನ್ನ ದೃಷ್ಟಿಯಲ್ಲಿ ರಿಪೇರಿಗೂ ಅದು ಒಳ್ಳೇದೇ.

ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಕೊನೆಗೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ವಾಹನಗಳೂ ಅದರ ಪಟ್ಟಿಯಲ್ಲಿವೆ. ಒಳ್ಳೇ ಹೆಜ್ಜೆ. ಆದರೆ ಕಸ್ಟಮರ್ ಕೇರ್ ನಂಬರು ಕೊಡೋದು ಬೇರೆ, ಪರದೆಯ ಪಟ್ಟಿಯನ್ನು ಬಿಡಿಯಾಗಿ ಮಾರೋದು ಬೇರೆ.

ಆದ್ದರಿಂದ ರಿವ್ಯೂ ಮಾಡುವ ಗೆಳೆಯರಲ್ಲಿ ನನ್ನ ವಿನಂತಿ: ಮುಂದಿನ ಸಲ ಪರದೆಗೆ ಸ್ಟಾರ್ ಕೊಡುವ ಮುಂಚೆ ಕಂಪನಿಯವರಿಗೆ ಮೂರು ಪ್ರಶ್ನೆ ಹಾಕಿ. ವಾರಂಟಿ ಮುಗಿದ ಮೇಲೆ ಈ ಪರದೆಯ ಬೆಲೆ ಎಷ್ಟು? ಪರದೆ ಮಾತ್ರ ಸಿಗುತ್ತಾ, ಇಡೀ ಅಸೆಂಬ್ಲಿ ಕೊಳ್ಳಬೇಕಾ? ಇದು ಕಪ್ಪಾದರೆ ಕಾರಿನಲ್ಲಿ ಇನ್ನೇನೇನು ಕೆಲಸ ನಿಲ್ಲುತ್ತೆ? ಉತ್ತರ ಬರದಿದ್ದರೆ ಬರಲಿಲ್ಲ ಅಂತಲೇ ಬರೀರಿ. ಕಂತು ಕಟ್ಟಿ ಕಾರು ತಗೊಂಡು ಹತ್ತು ವರ್ಷ ಓಡಿಸುವ ನಮ್ಮಂಥವರಿಗೆ ಇಂಚಿನ ಲೆಕ್ಕಕ್ಕಿಂತ ಅದು ಹೆಚ್ಚು ಬೇಕು.