ವೈರು ಕಿತ್ತರೆ ವಾಸಿಯಾಗುವ ಕಾಯಿಲೆ

1980ರ ದಶಕದ ಜನರಲ್ ಮೋಟಾರ್ಸ್ ಕಾರುಗಳಲ್ಲಿ, ಅದರಲ್ಲೂ ಟಿಎಚ್-125ಸಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದ್ದ ಸಂಸಾರಸ್ಥರ ಗಾಡಿಗಳಲ್ಲಿ, ಒಂದು ಹೆಸರಾಂತ ತೊಂದರೆ ಇತ್ತು. ಹೆದ್ದಾರಿಯಲ್ಲಿ ಸರಾಗವಾಗಿ ಓಡಿದ ಕಾರು ಊರೊಳಗೆ ಬಂದು ಮೊದಲ ಸಿಗ್ನಲ್ಲಿನಲ್ಲಿ ನಿಂತದ್ದೇ ಗಡಗಡ ನಡುಗಿ ಆಫ್ ಆಗುತ್ತಿತ್ತು. ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಹೊರಡುತ್ತಿತ್ತು. ಅಮೆರಿಕದ ಮೆಕ್ಯಾನಿಕ್ಕುಗಳು ಇದಕ್ಕೆ ಬಹು ಬೇಗ ಮದ್ದು ಕಂಡುಕೊಂಡರು: ಗೇರ್‌ಬಾಕ್ಸಿಗೆ ಹೋಗುವ ಒಂದು ಕನೆಕ್ಟರನ್ನು ಕಿತ್ತುಬಿಡುವುದು. ಖರ್ಚಿಲ್ಲ, ಜಾಕ್ ಎತ್ತುವ ಕೆಲಸವೂ ಹೆಚ್ಚಿನ ಸಲ ಇಲ್ಲ. ಗಾಡಿ ಇನ್ನು ಆಫ್ ಆಗುವುದಿಲ್ಲ.

ಮದ್ದು ಕೆಲಸ ಮಾಡುತ್ತದೆ, ಅದರಲ್ಲಿ ತಕರಾರಿಲ್ಲ. ನನ್ನ ತಕರಾರು ಅದನ್ನು ರಿಪೇರಿ ಎಂದು ಕರೆಯುವುದರ ಬಗ್ಗೆ.

ಏಕೆಂದು ತಿಳಿಯಲು ಮೊದಲು ಆಟೋಮ್ಯಾಟಿಕ್ ಗಾಡಿಯ ಟಾರ್ಕ್ ಕನ್ವರ್ಟರನ್ನು ನೋಡಬೇಕು. ಅದರಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಗಟ್ಟಿ ನಂಟಿಲ್ಲ. ಎಣ್ಣೆ ತುಂಬಿದ ಉಕ್ಕಿನ ಡಬ್ಬಿಯೊಳಗೆ ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಎಸೆಯುತ್ತವೆ; ಎದುರಿನ ರೆಕ್ಕೆಗಳು ಆ ರಭಸಕ್ಕೆ ತಿರುಗುತ್ತವೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗಿನ ಟರ್ಬೈನಿಗಾಗಿ. ಕಾರಿಗೆ ಬಂದದ್ದು ಬಹಳ ತಡವಾಗಿ. ಈ ಏರ್ಪಾಟಿನಿಂದಾಗಿ ಕಾರು ಗೇರಿನಲ್ಲಿ ಇದ್ದುಕೊಂಡೇ ಸಿಗ್ನಲ್ಲಿನಲ್ಲಿ ನಿಲ್ಲಬಹುದು. ಆದರೆ ಹೆದ್ದಾರಿಯಲ್ಲೂ ಎದುರಿನ ರೆಕ್ಕೆಗಳು ಒಂದಷ್ಟು ಹಿಂದೆ ಬೀಳುತ್ತಲೇ ಇರುತ್ತವೆ, ಆ ವ್ಯತ್ಯಾಸವೆಲ್ಲ ಎಣ್ಣೆಯಲ್ಲಿ ಶಾಖವಾಗಿ ಹೋಗುತ್ತದೆ. ಅದನ್ನು ತಪ್ಪಿಸಲು ಡಬ್ಬಿಯೊಳಗೇ ಒಂದು ಕ್ಲಚ್ ತಟ್ಟೆ ಇಟ್ಟು, ವೇಗ ಹಿಡಿದ ಮೇಲೆ ಎರಡೂ ಕಡೆಯನ್ನು ಬಿಗಿಯಾಗಿ ಕಚ್ಚಿಸುವುದೇ ಲಾಕಪ್. ಪ್ಯಾಕಾರ್ಡ್ ಕಂಪನಿ 1949ರಲ್ಲೇ ಇದನ್ನು ಮಾಡಿ ತೋರಿಸಿತ್ತು. ಪೆಟ್ರೋಲ್ ಅಗ್ಗವಾಗಿದ್ದ ಕಾಲ, ಹೆಚ್ಚಿನವರಿಗೆ ಬೇಕಾಗಲಿಲ್ಲ. 1973ರ ತೈಲ ಬಿಕ್ಕಟ್ಟು ಬಂತು, 1975ರಲ್ಲಿ ಅಮೆರಿಕದ ಮೈಲೇಜ್ ಕಾನೂನು ಬಂತು, 1985ರ ಮಾದರಿಗಳ ಸರಾಸರಿ ಗ್ಯಾಲನ್ನಿಗೆ 27.5 ಮೈಲಿ (ಲೀಟರಿಗೆ ಸುಮಾರು 11.7 ಕಿ.ಮೀ.) ಆಗಬೇಕೆಂದು ಗುರಿ ಇಟ್ಟರು. ಕ್ರೈಸ್ಲರ್ 1978ರಲ್ಲಿ, ಜನರಲ್ ಮೋಟಾರ್ಸ್ 1980ರಲ್ಲಿ ಲಾಕಪ್ಪಿಗೆ ಮರಳಿದವು. (ಇಂದು ನಮ್ಮ ರಸ್ತೆಗಳಲ್ಲಿ ಓಡುವ ಎಎಂಟಿ ಕಾರುಗಳಲ್ಲಿ ಕನ್ವರ್ಟರೇ ಇಲ್ಲ, ಅಲ್ಲಿರುವುದು ಮಾಮೂಲಿ ಕ್ಲಚ್. ಈ ಮಾತು ಅವಕ್ಕೆ ಹೊಂದುವುದಿಲ್ಲ.)

ಸಿಗ್ನಲ್ಲಿನಲ್ಲಿ ಆಫ್ ಆಗುವುದೇಕೆಂದು ಈಗ ಊಹಿಸಬಹುದು. ಕಚ್ಚಿದ ಕ್ಲಚ್ ಬಿಡುತ್ತಿಲ್ಲ. ಎಣ್ಣೆಯ ದಾರಿ ಬದಲಿಸುವ ಸೊಲೆನಾಯ್ಡ್ ಬಿಸಿಯಾದಾಗ ಸಿಕ್ಕಿಹಾಕಿಕೊಂಡಿದೆ, ಇಲ್ಲವೇ ಅದು ನಡೆಸುವ ವಾಲ್ವ್ ತನ್ನ ರಂಧ್ರದಲ್ಲಿ ಜಾಮ್ ಆಗಿದೆ. ಸೊಲೆನಾಯ್ಡಿಗೆ ಕರೆಂಟು ಕೊಡುವ ಆ ಕನೆಕ್ಟರನ್ನು ಕೀಳುವುದು ತೊಂದರೆಯಲ್ಲಿ ಕರೆಂಟಿನ ಪಾತ್ರವಿದೆಯೇ ಎಂದು ಹೇಳಬಲ್ಲ ಒಳ್ಳೆಯ ಪರೀಕ್ಷೆ. ಕಿತ್ತ ಮೇಲೂ ಆಫ್ ಆದರೆ ಕರೆಂಟಿನ ಪಾತ್ರವಿಲ್ಲ, ದೋಷ ಒಳಗಿನ ಯಂತ್ರಭಾಗದಲ್ಲಿದೆ. ಆಗದಿದ್ದರೆ ಕರೆಂಟು ಹರಿದಾಗಲೇ ತೊಂದರೆ ಶುರುವಾಗುತ್ತದೆ ಎಂದಾಯಿತು. ಇಷ್ಟು ಹೇಳಿ ಮುಗಿಯಬೇಕಾದ ಪರೀಕ್ಷೆಯನ್ನೇ ಚಿಕಿತ್ಸೆ ಮಾಡಿಕೊಂಡು ವರ್ಷಗಟ್ಟಲೆ ಓಡಿಸುವುದರಲ್ಲಿ ನಷ್ಟವಿದೆ. ಮೂರು ಗೇರಿನ 125ಸಿಯಲ್ಲಿ ಒಂದಿಷ್ಟು ಪೆಟ್ರೋಲ್ ಮಾತ್ರ ಹೆಚ್ಚು ಹೋಗಬಹುದು. ಓವರ್‌ಡ್ರೈವ್ ಇರುವ, ಅದೇ ಕಂಪನಿಯ 700-ಆರ್4 ಗೇರ್‌ಬಾಕ್ಸಿನಲ್ಲಿ ಹಾಗಲ್ಲ. ನಾಲ್ಕನೇ ಗೇರಿನಲ್ಲಿ ಎಂಜಿನ್ ಅಷ್ಟು ನಿಧಾನ ತಿರುಗುವಾಗ ಲಾಕಪ್ ಇಲ್ಲದಿದ್ದರೆ ಕನ್ವರ್ಟರ್ ಬಿಡದೆ ಜಾರುತ್ತದೆ, ಎಣ್ಣೆ ಕಾಯುತ್ತದೆ, ಕಾದ ಎಣ್ಣೆ ಗೇರ್‌ಬಾಕ್ಸನ್ನು ತಿನ್ನುತ್ತದೆ. ಹತ್ತು ಡಾಲರ್ ಉಳಿಸಿ ಸಾವಿರ ಕಳೆಯುವ ಲೆಕ್ಕ.

ಲಾಕಪ್ ಆಗಲೊಲ್ಲದ ಗಾಡಿ ಇದರ ತಿರುವುಮುರುವು, ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯದ್ದು. ಇಲ್ಲಿ ಮೆಕ್ಯಾನಿಕ್ಕರ ಮೊದಲ ತೀರ್ಪು ಸಾಮಾನ್ಯವಾಗಿ 'ಕನ್ವರ್ಟರ್ ಹೋಗಿದೆ'. ಅಂದರೆ ಗೇರ್‌ಬಾಕ್ಸ್ ಇಳಿಸಬೇಕು, ದೊಡ್ಡ ಬಿಲ್ಲು. ಆದರೆ ಆ ಕಾಲದ ಕಾರಿನ ಕಂಪ್ಯೂಟರು ಲಾಕಪ್ಪಿಗೆ ಅಪ್ಪಣೆ ಕೊಡಲು ಎಷ್ಟು ಷರತ್ತು ಇಡುತ್ತಿತ್ತು ನೋಡಿ: ಎಂಜಿನ್ ಸಾಕಷ್ಟು ಬಿಸಿಯಾಗಿರಬೇಕು, ನಿಗದಿತ ವೇಗ ದಾಟಿರಬೇಕು, ಥ್ರಾಟಲ್ ಒಂದು ಮಟ್ಟದಲ್ಲಿ ನಿಂತಿರಬೇಕು, ಬ್ರೇಕ್ ಮೇಲೆ ಕಾಲಿರಬಾರದು. ತಾಲ್ಲೂಕು ಕಚೇರಿಯ ಫೈಲಿನ ಹಾಗೆ, ಒಂದು ಸಹಿ ಬೀಳದಿದ್ದರೂ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಥರ್ಮೋಸ್ಟಾಟ್ ತೆರೆದೇ ನಿಂತು ಎಂಜಿನ್ ಬಿಸಿಯೇರದೆ ಇದ್ದರೆ ಲಾಕಪ್ ಇಲ್ಲ. ಆ ಗಾಡಿಯ ಗೇರ್‌ಬಾಕ್ಸ್ ಬಿಚ್ಚಿದವನಿಗೆ ಒಳಗೆ ಸಿಗುವುದು ಏನೂ ಇಲ್ಲ.

ಈ ಷರತ್ತುಗಳಲ್ಲಿ ಬ್ರೇಕ್ ಸ್ವಿಚ್ಚಿನದು ಬೇರೆಯೇ ಕಥೆ. ಪೆಡಲಿನ ಹತ್ತಿರದ ಆ ಸ್ವಿಚ್ಚಿನಲ್ಲಿ ಬ್ರೇಕ್ ಲೈಟಿಗೆ ಒಂದು ಜೋಡಿ, ಲಾಕಪ್ಪಿಗೆ ಇನ್ನೊಂದು ಜೋಡಿ ಸಂಪರ್ಕ ಇರುತ್ತದೆ. ಎರಡನೆಯದು ಪೆಡಲ್ ಬಿಟ್ಟಾಗ ಕೂಡಿರಬೇಕು, ಒತ್ತಿದಾಗ ಬೇರೆಯಾಗಬೇಕು. ಸ್ವಿಚ್ಚು ಸ್ಥಾನದಿಂದ ಒಂದಿಷ್ಟು ಸರಿದರೂ ಲಾಕಪ್ ಜೋಡಿ ಸದಾ ತೆರೆದೇ ಉಳಿಯಬಹುದು, ಲೈಟ್ ಮಾತ್ರ ಸರಿಯಾಗಿ ಹತ್ತುತ್ತಿರಬಹುದು. 'ಬ್ರೇಕ್ ಲೈಟ್ ಹತ್ತುತ್ತಿದೆ, ಸ್ವಿಚ್ಚು ಚೆನ್ನಾಗಿದೆ' ಎಂದು ಮುಂದೆ ಹೋದವರೇ ಹೆಚ್ಚು.

ಕಂಪನಿಯ ಸರ್ವೀಸ್ ಕೈಪಿಡಿಯ ಕ್ರಮ ಇಲ್ಲಿ ಮೆಚ್ಚುವಂಥದ್ದು. ಡ್ಯಾಶ್‌ಬೋರ್ಡಿನ ಕೆಳಗಿನ ಹನ್ನೆರಡು ಪಿನ್ನಿನ ಕನೆಕ್ಟರಿನಲ್ಲಿ 'ಎಫ್' ಎಂಬ ಪಿನ್ ಲಾಕಪ್ ಸರ್ಕ್ಯೂಟಿನದು, 'ಎ' ಅರ್ಥಿಂಗ್. ಎರಡರ ನಡುವೆ ಟೆಸ್ಟ್ ಲ್ಯಾಂಪ್ ಇಟ್ಟು ಓಡಿಸಿದರೆ, ಸರ್ಕ್ಯೂಟ್ ಪೂರ್ತಿ ಇದ್ದಾಗ ಲ್ಯಾಂಪ್ ಹತ್ತುತ್ತದೆ; ಕಂಪ್ಯೂಟರು ಅಪ್ಪಣೆ ಕೊಟ್ಟಾಗ ಆರುತ್ತದೆ. ಹತ್ತಲೇ ಇಲ್ಲವೆಂದರೆ ಫ್ಯೂಸು, ಬ್ರೇಕ್ ಸ್ವಿಚ್ಚು, ವೈರಿಂಗು, ಸೊಲೆನಾಯ್ಡ್, ಗೇರ್ ಪ್ರೆಶರ್ ಸ್ವಿಚ್ಚು ನೋಡಬೇಕು. ಹತ್ತಿದ್ದು ಆರದಿದ್ದರೆ ಕಂಪ್ಯೂಟರು ಯಾವುದೋ ಸೆನ್ಸರಿನ ಮಾತು ಕೇಳಿ ತಡೆದಿದೆ. ಆರಿದರೂ ಲಾಕಪ್ ಆಗದಿದ್ದರೆ ಮಾತ್ರ ಗೇರ್‌ಬಾಕ್ಸಿನ ಮೇಲೆ ಕೈಯಿಡುವ ಹಕ್ಕು ಬರುತ್ತದೆ. ಸಣ್ಣದೊಂದು ಬಲ್ಬು ಮೂರು ಮನೆಗಳನ್ನು ಬೇರೆ ಮಾಡಿಕೊಡುತ್ತದೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಸ್ಪಷ್ಟವಾದ ತಪಾಸಣೆ ಆ ಗಾಡಿಗಳಿಗೆ ನನಗೆ ಗೊತ್ತಿಲ್ಲ.

ಆದರೂ ಕೈಪಿಡಿ ಹೊಸ ಕಾರಿಗಾಗಿ ಬರೆದದ್ದು. ದಶಕಗಳಲ್ಲಿ ಹಸಿರು ಹಿಡಿದ ಟರ್ಮಿನಲ್ಲು, ಹಿಂದಿನ ಮಾಲೀಕ ಕತ್ತರಿಸಿ ಟೇಪು ಸುತ್ತಿದ ವೈರು ಅದರ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಕಡೆ ಸ್ಕ್ಯಾನರ್ ಭಕ್ತರಿದ್ದಾರೆ. ಪರದೆಯಲ್ಲಿ ಲಾಕಪ್ 'ಆನ್' ಎಂದು ಬಂದರೆ ಆಗಿಯೇ ಹೋಯಿತೆಂದು ನಂಬುತ್ತಾರೆ. ಆ ಕಾಲದ ಕಂಪ್ಯೂಟರು ಹೇಳುವುದು ತಾನು ಕೊಟ್ಟ ಆಜ್ಞೆಯನ್ನು ಮಾತ್ರ. ಕ್ಲಚ್ ಕಚ್ಚಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ವೇಗಗಳನ್ನು ಹೋಲಿಸಿ ಜಾರುವಿಕೆ ಲೆಕ್ಕ ಹಾಕಿ, ಪಿ0741 ಎಂಬಂಥ ಕೋಡ್ ಕೊಡುವ ಗೇರ್‌ಬಾಕ್ಸುಗಳು ಬಂದದ್ದು 1990ರ ದಶಕದಲ್ಲಿ.

ಸ್ಕ್ಯಾನರ್ ಪರದೆಗಿಂತ ನಂಬಿಗಸ್ತ ಸಾಕ್ಷಿ ಕಾಲು ಮತ್ತು ಕಿವಿ. ಮಟ್ಟಸ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ.ನಲ್ಲಿ ಆಕ್ಸಿಲರೇಟರ್ ಕದಲಿಸದೆ, ಎಡಗಾಲಿನಿಂದ ಬ್ರೇಕನ್ನು ಲೈಟ್ ಹತ್ತುವಷ್ಟೇ ಮುಟ್ಟಿ. ಲಾಕಪ್ ಇದ್ದರೆ ಎಂಜಿನ್ ವೇಗ ತಟಕ್ಕನೆ ಏರಿ, ಕಾಲು ತೆಗೆದ ಮೇಲೆ ಮತ್ತೆ ಇಳಿಯುತ್ತದೆ. ಅಂಥ ಹಲವು ಕಾರುಗಳಲ್ಲಿ ಟ್ಯಾಕೋಮೀಟರ್ ಇರಲಿಲ್ಲ, ಸದ್ದನ್ನೇ ಆಲಿಸಬೇಕು.

ಓಡುವಾಗ ಬರುವ ನಡುಕದ ದೂರಿಗೂ ಇದೇ ಪರೀಕ್ಷೆ, ಆದರೆ ಅರ್ಥ ಮಾಡಿಕೊಳ್ಳುವಾಗ ಎಚ್ಚರ ಬೇಕು. ಬ್ರೇಕ್ ಮುಟ್ಟಿದೊಡನೆ ನಡುಕ ನಿಂತರೆ ಕ್ಲಚ್ಚೇ ಕಾರಣವೆಂದು ಹೇಳಿಬಿಡುವಂತಿಲ್ಲ. ಲಾಕಪ್ಪಿನಲ್ಲಿ ಎಣ್ಣೆಯ ಮೆತ್ತೆ ಇಲ್ಲದ್ದರಿಂದ ಎಂಜಿನ್ನಿನ ಸಣ್ಣ ಮಿಸ್‌ಫೈರ್ ಕೂಡ ನೇರ ಸೀಟಿಗೆ ಬರುತ್ತದೆ, ಲಾಕಪ್ ಬಿಟ್ಟರೆ ಮರೆಯಾಗುತ್ತದೆ. ಮೊದಲು ಸ್ಪಾರ್ಕ್ ಪ್ಲಗ್ಗು, ಪ್ಲಗ್ ವೈರು ನೋಡಿ, ಆಮೇಲೆ ಗೇರ್‌ಬಾಕ್ಸ್ ಎಣ್ಣೆ ಬದಲಿಸಿ, ಕೊನೆಗೆ ಕನ್ವರ್ಟರಿನ ಮಾತಾಡಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದ ಗ್ಯಾರೇಜಿನಿಂದ ಹೊಸ ಕನ್ವರ್ಟರ್ ಹಾಕಿಸಿಕೊಂಡು ಬಂದ ಗಾಡಿ ಮರುದಿನ ಅದೇ ವೇಗದಲ್ಲಿ, ಅದೇ ಏರಿನಲ್ಲಿ ನಡುಗುತ್ತದೆ.